ಹಳೆಯ ಟ್ರ್ಯಾಕ್ಟರ್ ಎಂಜಿನ್‌ಗಳ ನಿಲುಗಡೆ ಮತ್ತು ಸಂರಕ್ಷಣೆ

ಹಳೆಯ ಟ್ರ್ಯಾಕ್ಟರ್ ಎಂಜಿನ್‌ಗಳ ನಿಲುಗಡೆ ಮತ್ತು ಸಂರಕ್ಷಣೆ ಎಂದರೆ ವಿದ್ಯುನ್ಮಾನ ನಿಯಂತ್ರಣ ಬರುವುದಕ್ಕೆ ಮುನ್ನ ತಯಾರಾದ ಟ್ರ್ಯಾಕ್ಟರ್‌ಗಳ ಎಂಜಿನ್ನನ್ನು ಕೆಲಸ ಮುಗಿದ ಬಳಿಕ ಕ್ರಮವಾಗಿ ನಿಲ್ಲಿಸುವ ಹಾಗೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೆಡದಂತೆ ಇರಿಸುವ ವಿಧಾನ. ಸ್ಥೂಲವಾಗಿ, 1917ರಲ್ಲಿ ಫೋರ್ಡ್‌ಸನ್ ಟ್ರ್ಯಾಕ್ಟರಿನ ತಯಾರಿಕೆ ಆರಂಭವಾದಂದಿನಿಂದ 1970ರ ದಶಕದವರೆಗಿನ ಯಂತ್ರಗಳು ಇದರ ವ್ಯಾಪ್ತಿಗೆ ಬರುತ್ತವೆ. ಇಂದಿನ ಎಂಜಿನ್ನನ್ನು ನಿಲ್ಲಿಸಲು ಕೀಲಿಯನ್ನು ತಿರುಗಿಸಿದರೆ ಸಾಕು. ಈ ಹಳೆಯ ಎಂಜಿನ್‌ಗಳಲ್ಲಿ ನಿಲ್ಲಿಸುವುದೂ ಚಾಲನೆಗೊಳಿಸುವುದರಂತೆಯೇ ಹಲವು ಹಂತಗಳ ಕೆಲಸವಾಗಿತ್ತು. ಒಂದು ಹಂತ ತಪ್ಪಿದರೆ ಮರುದಿನ ಬೆಳಿಗ್ಗೆ ಯಂತ್ರ ಚಾಲನೆಗೊಳ್ಳುತ್ತಿರಲಿಲ್ಲ, ಚಳಿಗಾಲದಲ್ಲಾದರೆ ಎಂಜಿನ್ ಬ್ಲಾಕ್ ಒಡೆದೇಹೋಗುತ್ತಿತ್ತು.

ಬಹುಕಾಲ ನಿಂತ ಎಂಜಿನ್ ಹಾಳಾಗುವುದಕ್ಕೆ ಸವೆತಕ್ಕಿಂತ ನೀರೇ ಹೆಚ್ಚಾಗಿ ಕಾರಣ. ರೇಡಿಯೇಟರಿನಲ್ಲಿ ಉಳಿದ ನೀರು, ಇಂಧನದಲ್ಲಿ ಸೇರಿಕೊಂಡ ನೀರು, ಎಂಜಿನ್ ಎಣ್ಣೆಯೊಳಗೆ ತಂಗಿದ ನೀರು, ಸೈಲೆನ್ಸರ್ ಕೊಳವೆಯ ಮೂಲಕ ಇಳಿಯುವ ಮಳೆನೀರು, ಇವೇ ನಾಲ್ಕು ಮುಖ್ಯ ದಾರಿಗಳು. ಸಂರಕ್ಷಣೆಯ ಬಹುತೇಕ ಕ್ರಮಗಳು ಇವುಗಳಲ್ಲಿ ಒಂದನ್ನು ಮುಚ್ಚುವುದಕ್ಕಾಗಿಯೇ ರೂಪುಗೊಂಡಿವೆ.

ಹಿನ್ನೆಲೆ

ಆರಂಭಕಾಲದ ಟ್ರ್ಯಾಕ್ಟರ್‌ಗಳಲ್ಲಿ ಪೆಟ್ರೋಲ್ ಎಂಜಿನ್, ಪೆಟ್ರೋಲಿನಿಂದ ಚಾಲನೆಗೊಂಡು ಸೀಮೆಎಣ್ಣೆಯಿಂದ ನಡೆಯುವ ಎಂಜಿನ್, ಹಾಟ್ ಬಲ್ಬ್ ಎಂಜಿನ್ ಮತ್ತು ಡೀಸೆಲ್ ಎಂಜಿನ್ ಎಂಬ ನಾಲ್ಕು ಬಗೆಗಳು ಬಳಕೆಯಲ್ಲಿದ್ದವು. ಇವುಗಳಲ್ಲಿ ಹಲವಕ್ಕೆ ನೀರಿನ ಪಂಪ್ ಇರಲಿಲ್ಲ. ಫೋರ್ಡ್‌ಸನ್‌ನ ಮೊದಲ ಮಾದರಿಯಲ್ಲಿ, ಹಾಗೆಯೇ ಅಮೆರಿಕದ ಜಾನ್ ಡಿಯರ್ ಕಂಪನಿಯ ಎ ಮತ್ತು ಬಿ ಮಾದರಿಗಳಲ್ಲಿ, ಬಿಸಿನೀರು ತಾನಾಗಿ ಮೇಲೇರಿ ರೇಡಿಯೇಟರಿಗೆ ಹೋಗಿ, ತಣಿದು ಕೆಳಗಿಳಿದು ಎಂಜಿನ್ನಿಗೆ ಮರಳುವ ಥರ್ಮೋಸೈಫನ್ ವ್ಯವಸ್ಥೆ ಇತ್ತು. ಆಗ ರೇಡಿಯೇಟರಿಗೆ ಬಾವಿಯ ನೀರನ್ನೋ ಮಳೆನೀರನ್ನೋ ತುಂಬುವುದೇ ರೂಢಿಯಾಗಿತ್ತು. ಹೆಪ್ಪುಗಟ್ಟದ ದ್ರವವನ್ನು ಬೆರೆಸುವ ಪದ್ಧತಿ ರೈತರಲ್ಲಿ ಹರಡಿದ್ದು ನಂತರ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಫರ್ಗುಸನ್ ಟಿಇ20 ಈ ವಿಷಯವನ್ನು ತಿಳಿಯಲು ಒಳ್ಳೆಯ ಉದಾಹರಣೆ. ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದ ಈ ಪುಟ್ಟ ಬೂದು ಬಣ್ಣದ ಟ್ರ್ಯಾಕ್ಟರ್ ಪೆಟ್ರೋಲ್, ಟ್ರ್ಯಾಕ್ಟರ್ ಸೀಮೆಎಣ್ಣೆ ಮತ್ತು ಡೀಸೆಲ್ ಎಂಜಿನ್‌ಗಳೊಂದಿಗೆ ದೊರೆಯುತ್ತಿತ್ತು. ಹೊರನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲದ ಈ ಯಂತ್ರಗಳನ್ನು ನಿಲ್ಲಿಸುವ ಕ್ರಮ ಮಾತ್ರ ಬೇರೆ ಬೇರೆ.

ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಆರಂಭವಾಗುವ ಹೊತ್ತಿಗೆ ಡೀಸೆಲ್ ಮೇಲುಗೈ ಸಾಧಿಸಿತ್ತು. 1959ರಲ್ಲಿ ಫರೀದಾಬಾದಿನಲ್ಲಿ ಹೊರಬಂದ ಐಷರ್ ಗಾಳಿಯಿಂದ ತಣಿಯುವ ಡೀಸೆಲ್ ಎಂಜಿನ್ ಹೊಂದಿತ್ತು. ಚೆನ್ನೈನ ಟಾಫೆ ಸಂಸ್ಥೆಯ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರ್‌ಗಳು, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಎಚ್.ಎಂ.ಟಿ. ಸಂಸ್ಥೆಯು ಜೆಕೊಸ್ಲೊವಾಕಿಯದ ಝೆಟರ್ ಸಹಯೋಗದಲ್ಲಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ತಯಾರಿಸಿದ ಟ್ರ್ಯಾಕ್ಟರ್‌ಗಳು ನೀರಿನಿಂದ ತಣಿಯುವಂಥವು. ಪಿಂಜೋರ್ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ತಯಾರಿಕೆ ನಿಂತ ಇಂತಹ ಯಂತ್ರಗಳಿಗೆ ಹೊಸ ಬ್ಲಾಕ್ ಅಥವಾ ಸಿಲಿಂಡರ್ ಹೆಡ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಇರುವುದನ್ನು ಉಳಿಸಿಕೊಳ್ಳುವುದೇ ಅಗ್ಗದ ದುರಸ್ತಿ.

ನಿಲ್ಲಿಸುವ ಮುನ್ನ ತಣಿಸುವುದು

ಉಳುಮೆಯಂತಹ ಭಾರಿ ಹೊರೆಯ ಕೆಲಸದಿಂದ ಬಂದ ಎಂಜಿನ್ನನ್ನು ಕೂಡಲೇ ನಿಲ್ಲಿಸಬಾರದು. ಮೂರರಿಂದ ಐದು ನಿಮಿಷ ಹೊರೆಯಿಲ್ಲದೆ ಕಡಿಮೆ ವೇಗದಲ್ಲಿ ಓಡಲು ಬಿಡುವುದು ವಾಡಿಕೆ. ನೀರಿನ ಪಂಪ್ ಇರುವ ಎಂಜಿನ್ ನಿಂತ ಕ್ಷಣವೇ ನೀರಿನ ಸಂಚಾರವೂ ನಿಲ್ಲುತ್ತದೆ. ಆದರೆ ಸಿಲಿಂಡರ್ ಹೆಡ್ ಮತ್ತು ಹೊಗೆಯ ಕವಾಟಗಳ ಸುತ್ತಲಿನ ಲೋಹದಲ್ಲಿ ಶಾಖ ಉಳಿದಿರುತ್ತದೆ. ಆ ಶಾಖ ನಿಂತ ನೀರಿಗೆ ಇಳಿದು ಅಲ್ಲಲ್ಲಿ ಕುದಿಸುತ್ತದೆ, ಹೆಡ್ ಡೊಂಕಾಗುವ ಸಂಭವವೂ ಉಂಟು. ಈ ಒಂದು ವಿಷಯದಲ್ಲಿ ಹಳೆಯ ಥರ್ಮೋಸೈಫನ್ ವ್ಯವಸ್ಥೆಯೇ ಮೇಲು: ಎಂಜಿನ್ ನಿಂತ ಮೇಲೂ ಬಿಸಿನೀರು ಏರುವುದು, ತಣ್ಣೀರು ಇಳಿಯುವುದು ಸ್ವಲ್ಪ ಹೊತ್ತು ನಡೆದೇ ಇರುತ್ತದೆ.

ಪೆಟ್ರೋಲ್ ಎಂಜಿನ್ನಿನ ದಹನಕೋಣೆಯಲ್ಲಿ ಇಂಗಾಲದ ಕಿಟ್ಟ ಕಟ್ಟಿದ್ದರೆ, ಅದು ಕೆಂಡದಂತೆ ಕಾದು, ಕಿಡಿ ನಿಂತ ಮೇಲೂ ಇಂಧನವನ್ನು ಹೊತ್ತಿಸುತ್ತಿರುತ್ತದೆ. ಸ್ವಿಚ್ ಆರಿಸಿದ ಬಳಿಕವೂ ಎಂಜಿನ್ ಕೆಮ್ಮುತ್ತ ತಿರುಗುವುದಕ್ಕೆ ಇದೇ ಕಾರಣ. ಕೆಲ ನಿಮಿಷ ತಣಿಸಿ ನಿಲ್ಲಿಸಿದರೆ ಈ ಉಪದ್ರವ ಕಡಿಮೆಯಾಗುತ್ತದೆ. ಟರ್ಬೊಚಾರ್ಜರ್ ಇರುವ ಎಂಜಿನ್‌ಗಳಲ್ಲಂತೂ ತಣಿಸುವುದು ಅನಿವಾರ್ಯ. 1961ರ ಅಲಿಸ್-ಚಾಲ್ಮರ್ಸ್ ಡಿ19 ಟ್ರ್ಯಾಕ್ಟರಿನ ಡೀಸೆಲ್ ಮಾದರಿಯಿಂದ ಟರ್ಬೊಚಾರ್ಜರ್ ಹೊಲಕ್ಕೆ ಬಂದಿತು. ಅದರ ಬೇರಿಂಗ್‌ಗೆ ಎಣ್ಣೆ ಒದಗುವುದು ಎಂಜಿನ್ ತಿರುಗುತ್ತಿರುವಾಗ ಮಾತ್ರ. ಪೂರ್ಣ ವೇಗದಲ್ಲಿರುವಾಗ ಎಂಜಿನ್ ನಿಲ್ಲಿಸಿದರೆ ಟರ್ಬೊ ಚಕ್ರ ಎಣ್ಣೆಯಿಲ್ಲದೆ ತಿರುಗಿ ಸುಡುತ್ತದೆ.

ಎರಡು ಇಂಧನಗಳ ಎಂಜಿನ್

ಸೀಮೆಎಣ್ಣೆಯಿಂದ ನಡೆಯುವ ಎಂಜಿನ್‌ಗಳನ್ನು ನಿಲ್ಲಿಸುವ ಕ್ರಮ ಇಂದು ಬಹುಮಟ್ಟಿಗೆ ಮರೆತುಹೋಗಿದೆ. ಹಳೆಯ ಟ್ರ್ಯಾಕ್ಟರ್ ಕೊಂಡ ಹೊಸಬರು ಎಡವುವುದೂ ಇಲ್ಲಿಯೇ.

ಪೆಟ್ರೋಲ್ ದುಬಾರಿಯಾಗಿದ್ದ ಕಾಲದಲ್ಲಿ ಅಮೆರಿಕದಲ್ಲಿ ಸೀಮೆಎಣ್ಣೆ ಮತ್ತು ಡಿಸ್ಟಿಲೇಟ್ ಎಂಬ ಕೀಳ್ದರ್ಜೆಯ ಇಂಧನಗಳನ್ನೂ, ಬ್ರಿಟನ್ನಿನಲ್ಲಿ ಟಿವಿಒ ಎಂದು ಕರೆಯಲಾಗುತ್ತಿದ್ದ ಟ್ರ್ಯಾಕ್ಟರ್ ಸೀಮೆಎಣ್ಣೆಯನ್ನೂ ಬಳಸಲಾಗುತ್ತಿತ್ತು. ಸೀಮೆಎಣ್ಣೆ ತಣ್ಣಗಿರುವಾಗ ಸುಲಭವಾಗಿ ಆವಿಯಾಗುವುದಿಲ್ಲ. ಆದ್ದರಿಂದ ಟ್ರ್ಯಾಕ್ಟರಿಗೆ ಎರಡು ಟ್ಯಾಂಕ್‌ಗಳಿರುತ್ತಿದ್ದವು: ಪೆಟ್ರೋಲಿಗೆ ಚಿಕ್ಕದು, ಸೀಮೆಎಣ್ಣೆಗೆ ದೊಡ್ಡದು. ಪೆಟ್ರೋಲಿನಿಂದ ಚಾಲನೆಗೊಳಿಸಿ, ಹೊಗೆಯ ಶಾಖದಿಂದ ಒಳಹರಿವಿನ ಕೊಳವೆ ಚೆನ್ನಾಗಿ ಕಾದ ಮೇಲೆ ನಲ್ಲಿಯನ್ನು ಸೀಮೆಎಣ್ಣೆಗೆ ತಿರುಗಿಸಬೇಕು. ಕೆಲಸ ಮುಗಿದಾಗ ಇದರ ವಿಲೋಮ: ನಿಲ್ಲಿಸುವುದಕ್ಕೆ ಕೆಲವು ನಿಮಿಷ ಮೊದಲೇ ಸೀಮೆಎಣ್ಣೆಯ ನಲ್ಲಿಯನ್ನು ಮುಚ್ಚಿ, ಪೆಟ್ರೋಲಿನ ನಲ್ಲಿಯನ್ನು ತೆರೆದು, ಕೊಳವೆಯಲ್ಲೂ ಕಾರ್ಬ್ಯುರೇಟರಿನ ಬಟ್ಟಲಲ್ಲೂ ಪೆಟ್ರೋಲೇ ತುಂಬುವವರೆಗೆ ಓಡಿಸಬೇಕು. ಹೊಗೆಯ ವಾಸನೆ ಬದಲಾಗುವುದರಿಂದ ಅನುಭವಿಗಳು ಇದನ್ನು ಗುರುತಿಸುತ್ತಾರೆ.

ಹೀಗೆ ಮಾಡದೆ ಸೀಮೆಎಣ್ಣೆಯಲ್ಲೇ ನಿಲ್ಲಿಸಿದರೆ ಎರಡು ತೊಂದರೆಗಳಿವೆ. ಮೊದಲನೆಯದು ತಕ್ಷಣ ಕಾಣುವಂಥದು: ಮರುದಿನ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಎಂಜಿನ್ ಚಾಲನೆಗೊಳ್ಳುವುದಿಲ್ಲ, ಕಾರ್ಬ್ಯುರೇಟರಿನ ಬಟ್ಟಲನ್ನು ಬಸಿದು ಪೆಟ್ರೋಲ್ ತುಂಬಬೇಕಾಗುತ್ತದೆ. ಎರಡನೆಯದು ನಿಧಾನವಾಗಿ ಕಾಣುವಂಥದು. ಆವಿಯಾಗದ ಸೀಮೆಎಣ್ಣೆ ಸಿಲಿಂಡರಿನ ಗೋಡೆಯ ಮೇಲಿರುವ ಎಣ್ಣೆಯ ಪದರವನ್ನು ತೊಳೆದು, ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗಿನ ಎಣ್ಣೆಯ ತೊಟ್ಟಿಗೆ ಸೇರುತ್ತದೆ. ಅಳತೆಕಡ್ಡಿಯಲ್ಲಿ ಎಣ್ಣೆಯ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅದು ಸಂತೋಷಪಡುವ ಸಂಗತಿಯಲ್ಲ. ಎಣ್ಣೆ ತೆಳುವಾಗಿ ಬೇರಿಂಗ್‌ಗಳಿಗೆ ಅಪಾಯ ಒದಗಿದೆ ಎಂದರ್ಥ. ಇಂತಹ ಎಣ್ಣೆಯನ್ನು ಬದಲಿಸದೆ ಎಂಜಿನ್ನನ್ನು ಸಂರಕ್ಷಣೆಗೆ ಇರಿಸಬಾರದು.

ಬ್ರಿಟನ್ನಿನಲ್ಲಿ ಟಿವಿಒ ಮಾರಾಟ 1970ರ ದಶಕದಲ್ಲಿ ನಿಂತಿತು. ಕರ್ನಾಟಕದಲ್ಲಿ ಇಂತಹ ಟ್ರ್ಯಾಕ್ಟರ್‌ಗಳು ಅಪರೂಪವಾದರೂ, ಪೆಟ್ರೋಲಿನಿಂದ ಚಾಲನೆಗೊಳಿಸಿ ಸೀಮೆಎಣ್ಣೆಯಿಂದ ಓಡಿಸುವ ಪದ್ಧತಿ ಕರಾವಳಿಯ ನಾಡದೋಣಿಗಳ ಎಂಜಿನ್‌ಗಳ ಮೂಲಕ ಇಲ್ಲಿನ ಮೀನುಗಾರರಿಗೆ ಪರಿಚಿತ.

ಕಿಡಿಯ ವ್ಯವಸ್ಥೆ: ಮ್ಯಾಗ್ನೆಟೊ ಮತ್ತು ಕಾಯಿಲ್

ಪೆಟ್ರೋಲ್ ಮತ್ತು ಸೀಮೆಎಣ್ಣೆ ಎಂಜಿನ್‌ಗಳನ್ನು ಕಿಡಿಯನ್ನು ತಡೆದು ನಿಲ್ಲಿಸಲಾಗುತ್ತದೆ. ಕಿಡಿ ಹುಟ್ಟಿಸುವ ಎರಡು ವ್ಯವಸ್ಥೆಗಳು ಈ ವಿಷಯದಲ್ಲಿ ಪರಸ್ಪರ ವಿರುದ್ಧವಾಗಿವೆ. ಬ್ಯಾಟರಿ ಮತ್ತು ಕಾಯಿಲ್ ಇರುವ ಎಂಜಿನ್ನಿನಲ್ಲಿ ಸ್ವಿಚ್ ಆರಿಸಿದರೆ ವಿದ್ಯುತ್ ಕಡಿದುಹೋಗುತ್ತದೆ. ತಂತಿ ತುಂಡಾದರೂ ಎಂಜಿನ್ ನಿಲ್ಲುತ್ತದೆ. ಮ್ಯಾಗ್ನೆಟೊಗೆ ಬ್ಯಾಟರಿಯೇ ಬೇಡ, ತನ್ನೊಳಗಿನ ಅಯಸ್ಕಾಂತದಿಂದ ತಾನೇ ವಿದ್ಯುತ್ ಉತ್ಪಾದಿಸುತ್ತದೆ. ಅದರ ಸ್ವಿಚ್ ಮಾಡುವ ಕೆಲಸವೆಂದರೆ ಆ ವಿದ್ಯುತ್ತನ್ನು ಎಂಜಿನ್ನಿನ ಕಬ್ಬಿಣಕ್ಕೆ ಹರಿಸಿ ವ್ಯರ್ಥಗೊಳಿಸುವುದು. ಹಾಗಾಗಿ ಮ್ಯಾಗ್ನೆಟೊದ ಸ್ವಿಚ್ ತಂತಿ ತುಂಡಾದರೆ ಎಂಜಿನ್ ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ನಿಂತ ಎಂಜಿನ್ನನ್ನು ಕೈಯಿಂದ ತಿರುಗಿಸಿದಾಗ ಅನಿರೀಕ್ಷಿತವಾಗಿ ಚಾಲನೆಗೊಳ್ಳಬಹುದು. ಇಲಿಗಳು ತಂತಿ ಕಡಿಯುವ ಕೊಟ್ಟಿಗೆಯಲ್ಲಿ ಇದು ಕೇವಲ ಕಲ್ಪನೆಯ ಅಪಾಯವಲ್ಲ. ಆದ್ದರಿಂದ ಮ್ಯಾಗ್ನೆಟೊ ಇರುವ ಎಂಜಿನ್ನನ್ನು ಸಂರಕ್ಷಣೆಯಲ್ಲಿರುವಾಗ ತಿರುಗಿಸುವ ಮುನ್ನ ಸ್ಪಾರ್ಕ್ ಪ್ಲಗ್ ತಂತಿಗಳನ್ನು ಕಳಚಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಟ್ಟುವುದು ಒಳಿತು.

ಕಾಯಿಲ್ ವ್ಯವಸ್ಥೆಯ ದೋಷ ಬೇರೆ ಬಗೆಯದು. ಇಂಧನ ಮುಗಿದು ಎಂಜಿನ್ ತಾನಾಗಿ ನಿಂತಾಗ ಸ್ವಿಚ್ ಆರಿಸಲು ಮರೆತರೆ, ಒಳಗಿನ ಪಾಯಿಂಟ್‌ಗಳು ಕೂಡಿಕೊಂಡಿದ್ದ ಪಕ್ಷದಲ್ಲಿ ಕಾಯಿಲ್ ಮೂಲಕ ವಿದ್ಯುತ್ ಸತತವಾಗಿ ಹರಿದು ಕಾಯಿಲ್ ಸುಡುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ.

ವಾರಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಎಂಜಿನ್ನನ್ನು ಸ್ವಿಚ್ಚಿನಿಂದ ನಿಲ್ಲಿಸುವುದಕ್ಕಿಂತ ಟ್ಯಾಂಕಿನ ನಲ್ಲಿ ಮುಚ್ಚಿ, ಕಾರ್ಬ್ಯುರೇಟರ್ ಬರಿದಾಗಿ ತಾನಾಗಿ ನಿಲ್ಲುವಂತೆ ಮಾಡುವುದು ಲೇಸು. ನಿಂತ ಮೇಲೆ ಸ್ವಿಚ್ ಆರಿಸಬೇಕು. ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಿನಂತಾಗಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚುವುದು ಇದರಿಂದ ತಪ್ಪುತ್ತದೆ. ಟ್ಯಾಂಕ್ ಎತ್ತರದಲ್ಲಿದ್ದು ಇಂಧನ ತಾನಾಗಿ ಇಳಿಯುವ ಟ್ರ್ಯಾಕ್ಟರ್‌ಗಳಲ್ಲಿ ನಲ್ಲಿ ತೆರೆದೇ ಬಿಟ್ಟರೆ, ತೇಲುಗುಂಡಿನ ಸೂಜಿಕವಾಟ ಸವೆದಿದ್ದಲ್ಲಿ ಪೆಟ್ರೋಲ್ ನೆಲಕ್ಕೆ ಸೋರಿ ಬೆಂಕಿಯ ಅಪಾಯವೂ ಇದೆ.

ಡೀಸೆಲ್ ಎಂಜಿನ್

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲದ ಕಾರಣ ಅದನ್ನು ಇಂಧನ ತಡೆದೇ ನಿಲ್ಲಿಸಬೇಕು. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಇದಕ್ಕಾಗಿ ಎಳೆಯುವ ಗುಂಡಿ ಅಥವಾ ಸನ್ನೆ ಇರುತ್ತದೆ. ಅದು ಇಂಜೆಕ್ಷನ್ ಪಂಪಿನ ಇಂಧನ ಪ್ರಮಾಣವನ್ನು ಸೊನ್ನೆಗೆ ತರುತ್ತದೆ. ಟ್ಯಾಂಕಿನ ನಲ್ಲಿ ಮುಚ್ಚಿ ನಿಲ್ಲಿಸುವ ಕ್ರಮ ಪೆಟ್ರೋಲಿಗೆ ಒಳ್ಳೆಯದಾದಷ್ಟೇ ಡೀಸೆಲಿಗೆ ಕೆಟ್ಟದ್ದು. ಕೊಳವೆ ಬರಿದಾದರೆ ಪಂಪಿನೊಳಗೆ ಗಾಳಿ ಸೇರುತ್ತದೆ, ಮುಂದಿನ ಚಾಲನೆಗೆ ಮುನ್ನ ಆ ಗಾಳಿಯನ್ನು ಒಂದೊಂದೇ ತಿರುಪು ಸಡಿಲಿಸಿ ಹೊರದೂಡಬೇಕಾಗುತ್ತದೆ. ಪಂಪಿನ ಒಳಭಾಗಗಳಿಗೆ ಡೀಸೆಲೇ ಜಾರುಎಣ್ಣೆಯಾಗಿರುವುದರಿಂದ ಒಣಗಿಸುವುದು ಹಾನಿಕರ.

ಕೆಲವು ಎಂಜಿನ್‌ಗಳಲ್ಲಿ ಕೈಚಾಲನೆಯನ್ನು ಹಗುರಗೊಳಿಸಲು ಕವಾಟವನ್ನು ಎತ್ತಿಹಿಡಿಯುವ ಡಿಕಂಪ್ರೆಷನ್ ಸನ್ನೆ ಇರುತ್ತದೆ. ಅದನ್ನು ಎಳೆದರೆ ಎಂಜಿನ್ ನಿಲ್ಲುವುದು ನಿಜವಾದರೂ ನಿಲ್ಲಿಸುವುದಕ್ಕೆ ಅದನ್ನು ಬಳಸಬಾರದು. ಕವಾಟದ ಭಾಗಗಳಿಗೆ ಪೆಟ್ಟಾಗುವುದಲ್ಲದೆ, ಪಂಪ್ ಇನ್ನೂ ಸಿಂಪಡಿಸುತ್ತಿರುವ ಡೀಸೆಲ್ ಉರಿಯದೆ ಸಿಲಿಂಡರಿನಲ್ಲಿ ಉಳಿಯುತ್ತದೆ.

ಜರ್ಮನಿಯ ಲಾನ್ಸ್ ಬುಲ್‌ಡಾಗ್ ಟ್ರ್ಯಾಕ್ಟರಿನದು ಒಂದೇ ಸಿಲಿಂಡರಿನ, ಎರಡು ಹೊಡೆತದ ಹಾಟ್ ಬಲ್ಬ್ ಎಂಜಿನ್. ವೇಗ ತೀರ ಇಳಿದಾಗ ಇಂತಹ ಎಂಜಿನ್ ಒಮ್ಮೆ ತಡವರಿಸಿ ಹಿಮ್ಮುಖವಾಗಿ ತಿರುಗಲಾರಂಭಿಸಬಲ್ಲದು. ಹಿಂದಕ್ಕೆ ಹೋಗುವ ಗೇರ್ ಇಲ್ಲದ ಮೊದಲ ಬುಲ್‌ಡಾಗ್‌ನಲ್ಲಿ ಚಾಲಕರು ಇದನ್ನೇ ಉಪಾಯವಾಗಿ ಬಳಸುತ್ತಿದ್ದರು. ನಿಲ್ಲಿಸುವಾಗ ಮಾತ್ರ ಗೇರ್ ಬಿಡಿಸಿರುವುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ.

ಡೀಸೆಲ್ ಎಂಜಿನ್ ಹಿಡಿತ ತಪ್ಪಿ ಓಡುವುದು ಅತ್ಯಂತ ಭೀಕರವಾದ ಸ್ಥಿತಿ. ಸವೆದ ರಿಂಗ್‌ಗಳ ಮೂಲಕ ಬಂದ ಎಂಜಿನ್ ಎಣ್ಣೆಯನ್ನೋ, ಮಟ್ಟ ಮೀರಿ ತುಂಬಿದ ಏರ್ ಕ್ಲೀನರಿನ ಎಣ್ಣೆಯನ್ನೋ ಎಂಜಿನ್ ಇಂಧನವಾಗಿ ಉರಿಸತೊಡಗಿದರೆ ನಿಲುಗಡೆಯ ಗುಂಡಿಗೆ ಅದು ಬಗ್ಗುವುದಿಲ್ಲ. ಬಹುಕಾಲ ನಿಂತ ಟ್ರ್ಯಾಕ್ಟರಿನಲ್ಲಿ ಇಂಜೆಕ್ಷನ್ ಪಂಪಿನ ರ್‍ಯಾಕ್ ಎಂಬ ಸರಳು ಅಂಟಿನಿಂದಲೋ ತುಕ್ಕಿನಿಂದಲೋ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ. ಭಾರತದ ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿದ್ದ, ಬೆಂಗಳೂರಿನ ಮೈಕೊ ಸಂಸ್ಥೆ ತಯಾರಿಸುತ್ತಿದ್ದ ಸಾಲುಪಂಪ್‌ಗಳಲ್ಲಿ ಈ ರ್‍ಯಾಕ್ ಇರುತ್ತದೆ. ಹಿಡಿತ ತಪ್ಪಿದ ಎಂಜಿನ್ನನ್ನು ನಿಲ್ಲಿಸುವ ದಾರಿ ಗಾಳಿಯನ್ನು ತಡೆಯುವುದು: ಒಳಹರಿವಿನ ಬಾಯಿಗೆ ಗಟ್ಟಿಯಾದ ಹಲಗೆಯನ್ನು ಒತ್ತಿ ಮುಚ್ಚಬೇಕು. ಅಂಗೈಯಿಂದ ಮುಚ್ಚಲು ಹೋದವರು ಗಾಯಗೊಳ್ಳುತ್ತಾರೆ. ಬಟ್ಟೆಯಿಂದ ಮುಚ್ಚಿದರೆ ಅದನ್ನು ಎಂಜಿನ್ ಒಳಗೆಳೆದುಕೊಳ್ಳುತ್ತದೆ.

ತಂಪುನೀರು

ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹೆಚ್ಚುತ್ತದೆ. ಎರಕದ ಕಬ್ಬಿಣ ಹಿಗ್ಗುವ ಗುಣವುಳ್ಳದ್ದಲ್ಲವಾದ್ದರಿಂದ ಬ್ಲಾಕ್ ಸೀಳುತ್ತದೆ. ಬ್ಲಾಕಿನ ಪಕ್ಕದಲ್ಲಿ ಕಾಣುವ ದುಂಡನೆಯ ತಗಡಿನ ಮುಚ್ಚಳಗಳು ಇಂತಹ ಸಂದರ್ಭದಲ್ಲಿ ಹೊರಗೆ ಚಿಮ್ಮಿ ಬ್ಲಾಕನ್ನು ಉಳಿಸುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅವು ಎರಕದ ಮರಳನ್ನು ಹೊರತೆಗೆಯಲು ಬಿಟ್ಟ ರಂಧ್ರಗಳ ಮುಚ್ಚಳಗಳು ಮಾತ್ರ; ಅವನ್ನು ನಂಬಿ ಕೂರುವಂತಿಲ್ಲ.

ಈ ಕಾರಣಕ್ಕೆ ಬ್ರಿಟನ್ ಮತ್ತು ಅಮೆರಿಕದ ರೈತರು ಚಳಿಗಾಲದಲ್ಲಿ ಪ್ರತಿ ಸಂಜೆ ನೀರನ್ನು ಬಸಿದು, ಬೆಳಿಗ್ಗೆ ಮತ್ತೆ ತುಂಬುತ್ತಿದ್ದರು. ಬಸಿಯುವಾಗ ಗಮನಿಸಬೇಕಾದ ಅಂಶಗಳು ಕೆಲವಿವೆ. ರೇಡಿಯೇಟರಿನ ಕೆಳಗಿನ ನಲ್ಲಿಯೊಂದನ್ನೇ ತೆರೆದರೆ ಬ್ಲಾಕಿನೊಳಗೆ ನೀರು ಉಳಿಯುತ್ತದೆ. ಫರ್ಗುಸನ್ ಟಿಇ20 ಸೇರಿದಂತೆ ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿ ಬ್ಲಾಕಿಗೆ ಪ್ರತ್ಯೇಕ ನಲ್ಲಿಯಿದೆ. ಗಾಳಿ ಒಳಹೋಗುವಂತೆ ಮೇಲಿನ ಮುಚ್ಚಳವನ್ನೂ ತೆರೆಯಬೇಕು, ಆದರೆ ಎಂಜಿನ್ ಕುದಿಯುತ್ತಿರುವಾಗಲ್ಲ. ತುಕ್ಕಿನ ಕೆಸರು ನಲ್ಲಿಯನ್ನು ಮುಚ್ಚಿ ನೀರು ನಿಂತಂತೆ ತೋರುವುದರಿಂದ ತಂತಿಯನ್ನು ಚುಚ್ಚಿ ನೋಡುವುದು ಅವಶ್ಯ. ಒಡೆದ ಬ್ಲಾಕ್‌ಗಳ ಹಿಂದೆ ಇರುವ ಕಥೆ ಬಹಳ ಸಲ ಇದೇ: ನಲ್ಲಿ ತೆರೆದಿತ್ತು, ನೀರು ಹೊರಬಂದಿರಲಿಲ್ಲ. ಬಸಿದ ಮೇಲೆ ‘ನೀರಿಲ್ಲ’ ಎಂದು ಬರೆದ ಚೀಟಿಯನ್ನು ಸ್ಟಿಯರಿಂಗ್ ಚಕ್ರಕ್ಕೆ ಕಟ್ಟುವುದು ಹಳೆಯ, ಈಗಲೂ ಉಪಯುಕ್ತವಾದ ಪದ್ಧತಿ.

ಎಥಿಲೀನ್ ಗ್ಲೈಕಾಲ್ ಮತ್ತು ನೀರಿನ ಸಮಪ್ರಮಾಣದ ಮಿಶ್ರಣವು ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ. ಮಾರುಕಟ್ಟೆಯ ಕೂಲೆಂಟ್‌ಗಳಲ್ಲಿ ತುಕ್ಕು ತಡೆಯುವ ರಾಸಾಯನಿಕಗಳೂ ಸೇರಿರುತ್ತವೆ. ಹೆಪ್ಪುಗಟ್ಟುವ ಚಳಿಯಿಲ್ಲದ ಪ್ರದೇಶಗಳಲ್ಲಿ ಈ ಎರಡನೆಯ ಗುಣವೇ ಮುಖ್ಯ. ನೀರು ಬಸಿದು ಬಿಟ್ಟ ಬ್ಲಾಕಿನ ಒದ್ದೆ ಕಬ್ಬಿಣಕ್ಕೆ ಗಾಳಿ ತಾಗಿ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ಅಂತಹ ಕಡೆ ಖಾಲಿ ಬಿಡುವುದಕ್ಕಿಂತ ಕೂಲೆಂಟ್ ಅಂಚಿನವರೆಗೆ ತುಂಬಿಡುವುದೇ ಸೂಕ್ತ. ಅರ್ಧ ತುಂಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಗ್ಲೈಕಾಲ್ ವಿಷಕಾರಿ, ರುಚಿಯಲ್ಲಿ ಸಿಹಿ. ಬಸಿದ ದ್ರವವನ್ನು ನಾಯಿ, ಬೆಕ್ಕು, ದನಕರುಗಳಿಗೆ ಸಿಗುವಂತೆ ತೆರೆದಿಡಬಾರದು.

ಗಾಳಿಯಿಂದ ತಣಿಯುವ ಐಷರ್‌ನಂತಹ ಎಂಜಿನ್‌ಗಳಿಗೆ ಈ ಚಿಂತೆಯೇ ಇಲ್ಲ. ಸಿಲಿಂಡರಿನ ರೆಕ್ಕೆಗಳ ನಡುವಿನ ಧೂಳು, ಹೊಟ್ಟು, ಎಣ್ಣೆಯ ಜಿಡ್ಡನ್ನು ತೆಗೆದರೆ ಸಾಕು.

ದೀರ್ಘಕಾಲದ ಸಂರಕ್ಷಣೆ

ಒಂದು ಲೀಟರ್ ಪೆಟ್ರೋಲ್ ಅಥವಾ ಡೀಸೆಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರ ಬಹುಪಾಲು ಹೊಗೆಯೊಂದಿಗೆ ಹೊರಹೋದರೂ ಸ್ವಲ್ಪ ಭಾಗ ರಿಂಗ್‌ಗಳನ್ನು ದಾಟಿ ಎಣ್ಣೆಗೆ ಸೇರುತ್ತದೆ. ಇಂಧನದಲ್ಲಿದ್ದ ಗಂಧಕ ಉರಿದು ಈ ನೀರಿನೊಡನೆ ಕೂಡಿ ಆಮ್ಲವಾಗುತ್ತದೆ. ಬಳಸಿದ ಕಪ್ಪು ಎಣ್ಣೆಯನ್ನು ಹಾಗೆಯೇ ಬಿಟ್ಟರೆ ಆ ಆಮ್ಲ ಬೇರಿಂಗ್‌ಗಳನ್ನು ಕೊರೆಯುತ್ತಿರುತ್ತದೆ. ಆದಕಾರಣ ಎಣ್ಣೆ ಬದಲಿಸುವ ಕೆಲಸವನ್ನು ಸಂರಕ್ಷಣೆಯ ಕೊನೆಯಲ್ಲಲ್ಲ, ಆರಂಭದಲ್ಲೇ ಮಾಡಬೇಕು: ಎಂಜಿನ್ ಬಿಸಿಯಾಗಿರುವಾಗ ಹಳೆಯ ಎಣ್ಣೆ ಬಸಿದು, ಫಿಲ್ಟರ್ ಬದಲಿಸಿ, ಹೊಸ ಎಣ್ಣೆ ತುಂಬಿ, ಅದು ಎಲ್ಲೆಡೆ ಹರಡುವಂತೆ ಕೆಲ ನಿಮಿಷ ಓಡಿಸಿ ನಿಲ್ಲಿಸಬೇಕು.

ಮುಂದಿನದು ಸಿಲಿಂಡರ್. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ರಂಧ್ರಕ್ಕೆ ಒಂದೆರಡು ಚಮಚ ಶುದ್ಧ ಎಂಜಿನ್ ಎಣ್ಣೆ ಹಾಕಿ, ಕೈಯಿಂದ ನಾಲ್ಕಾರು ಸುತ್ತು ತಿರುಗಿಸಿ ಮತ್ತೆ ಪ್ಲಗ್ ಹಾಕಲಾಗುತ್ತದೆ. ಡೀಸೆಲ್ ಎಂಜಿನ್ನಿನ ದಹನಕೋಣೆ ಕಿರಿದಾದ್ದರಿಂದ ಎಣ್ಣೆ ಹೆಚ್ಚಾಗಬಾರದು. ದ್ರವ ಕುಗ್ಗುವುದಿಲ್ಲ, ಹೆಚ್ಚಾದ ಎಣ್ಣೆಯ ಮೇಲೆ ಪಿಸ್ಟನ್ ರಭಸದಿಂದ ಬಂದು ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಒಂದೇ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್ನನ್ನು ಎರಡೂ ಕವಾಟಗಳು ಮುಚ್ಚಿರುವ ಸ್ಥಿತಿಗೆ ತಿರುಗಿಸಿ ನಿಲ್ಲಿಸಿದರೆ ಹೊರಗಿನ ಗಾಳಿ ಒಳಬರುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಇದು ಸಾಧ್ಯವಿಲ್ಲ, ಹೇಗೆ ನಿಲ್ಲಿಸಿದರೂ ಯಾವುದಾದರೊಂದು ಸಿಲಿಂಡರಿನ ಕವಾಟ ತೆರೆದೇ ಇರುತ್ತದೆ. ನೇರವಾಗಿ ಮೇಲಕ್ಕೆ ನಿಂತ ಸೈಲೆನ್ಸರ್ ಕೊಳವೆ ಇಲ್ಲಿ ಮಳೆಗೆ ಹೆದ್ದಾರಿಯಾಗುತ್ತದೆ. ಒಂದು ಜೋರು ಮಳೆಯ ನೀರು ಕೊಳವೆಯಿಂದ ಇಳಿದು, ತೆರೆದ ಕವಾಟದ ಮೂಲಕ ಸಿಲಿಂಡರಿಗೆ ಸೇರಿದರೆ ಕೆಲವೇ ವಾರಗಳಲ್ಲಿ ಪಿಸ್ಟನ್ ರಿಂಗ್‌ಗಳು ಗೋಡೆಗೆ ತುಕ್ಕಿನಿಂದ ಅಂಟುತ್ತವೆ. ಕೊಳವೆಯ ಬಾಯಿಗೆ ಒಂದು ತಗಡಿನ ಡಬ್ಬಿಯನ್ನು ಬೋರಲು ಹಾಕಿದ್ದರೆ ತಪ್ಪುತ್ತಿದ್ದ ನಷ್ಟವಿದು. ಏರ್ ಕ್ಲೀನರಿನ ಬಾಯಿಯನ್ನೂ ಎಂಜಿನ್ನಿನ ಉಸಿರುಕೊಳವೆಯನ್ನೂ ಹೀಗೆಯೇ ಮುಚ್ಚಬೇಕು. ಇಲಿಗಳು ಅಲ್ಲಿ ಗೂಡು ಮಾಡುತ್ತವೆ, ಕಡಜಗಳು ಮಣ್ಣು ತುಂಬುತ್ತವೆ. ಮುಚ್ಚಿದ್ದನ್ನು ಮರೆಯದಿರಲು ಕೆಂಪು ಬಟ್ಟೆಯ ತುಂಡನ್ನು ಹೊರಗೆ ಕಾಣುವಂತೆ ಇಳಿಬಿಡುವುದು ಒಳ್ಳೆಯದು.

ಇಂಧನದ ವಿಷಯದಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಟ್ಯಾಂಕ್‌ಗಳಿಗೆ ಬೇರೆ ಬೇರೆ ನಿಯಮ. ಡೀಸೆಲ್ ಟ್ಯಾಂಕನ್ನು ಪೂರ್ತಿ ತುಂಬಿಡಬೇಕು. ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಹನಿಗಟ್ಟಿ ತಳಕ್ಕಿಳಿಯುತ್ತದೆ. ನೀರೂ ಡೀಸೆಲೂ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂತಹ ಪದಾರ್ಥ ಫಿಲ್ಟರನ್ನು ಕಟ್ಟುತ್ತದೆ. ಪೆಟ್ರೋಲ್ ಟ್ಯಾಂಕನ್ನು ಬಸಿದು ಒಣಗಿಸುವುದೇ ಈಗ ಹೆಚ್ಚು ಸುರಕ್ಷಿತ. ಕಾರಣ ಎಥೆನಾಲ್. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಈಗ ಅದು ದೇಶದಾದ್ಯಂತ ದೊರೆಯುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಂತು ಲೋಹವನ್ನು ಕೊರೆಯುತ್ತವೆ. ಹಳೆಯ ಕಾರ್ಬ್ಯುರೇಟರ್‌ಗಳಿಗೆ ಇನ್ನೊಂದು ಕಂಟಕವಿದೆ. ಅವುಗಳಲ್ಲಿ ಕೆಲವಕ್ಕೆ ಬೆಂಡಿನ ತೇಲುಗುಂಡು ಇದ್ದು ಅದಕ್ಕೆ ಅರಗಿನ ಲೇಪವಿರುತ್ತದೆ. ಅರಗು ಪೆಟ್ರೋಲಿಗೆ ಕರಗುವುದಿಲ್ಲ, ಎಥೆನಾಲಿಗೆ ಕರಗುತ್ತದೆ. ಲೇಪ ಹೋದ ಬೆಂಡು ಇಂಧನ ಹೀರಿ ಮುಳುಗುತ್ತದೆ. ಟ್ಯಾಂಕ್ ಬಸಿಯುವ ಕೆಲಸವನ್ನು ಬಯಲಿನಲ್ಲಿ, ಎಂಜಿನ್ ತಣಿದ ಮೇಲೆ, ಬ್ಯಾಟರಿಯ ತಂತಿ ಕಳಚಿಯೇ ಮಾಡಬೇಕು.

ಕ್ಲಚ್ ಎಂಜಿನ್ನಿನ ಭಾಗವಲ್ಲದಿದ್ದರೂ ಇಲ್ಲಿ ಹೇಳತಕ್ಕದ್ದು. ಪೆಡಲನ್ನು ಒತ್ತಿ ಮರದ ತುಂಡಿನಿಂದ ಹಾಗೆಯೇ ಹಿಡಿದಿಡದಿದ್ದರೆ ಕ್ಲಚ್ ತಟ್ಟೆ ತುಕ್ಕಿನಿಂದ ಫ್ಲೈವೀಲಿಗೆ ಅಂಟಿ, ಮುಂದೆ ಗೇರ್ ಹಾಕುವುದೇ ಅಸಾಧ್ಯವಾಗುತ್ತದೆ. ಬ್ಯಾಟರಿಯನ್ನು ತೆಗೆದು ಆಗಾಗ ಚಾರ್ಜ್ ಮಾಡಬೇಕು. ಫರ್ಗುಸನ್‌ನಂತಹ ಅನೇಕ ಬ್ರಿಟಿಷ್ ಟ್ರ್ಯಾಕ್ಟರ್‌ಗಳಲ್ಲಿ ಧನಾಗ್ರವೇ ದೇಹಕ್ಕೆ ಜೋಡಣೆಯಾಗಿರುವುದನ್ನು ಮರಳಿ ಜೋಡಿಸುವಾಗ ನೆನಪಿಡಬೇಕು.

ಆಗಾಗ ಚಾಲನೆಗೊಳಿಸುವ ರೂಢಿ

ನಿಂತ ಟ್ರ್ಯಾಕ್ಟರನ್ನು ವಾರಕ್ಕೊಮ್ಮೆ ಐದು ನಿಮಿಷ ಓಡಿಸಿದರೆ ಎಂಜಿನ್ ಚೆನ್ನಾಗಿರುತ್ತದೆ ಎಂಬ ರೂಢಿ ಸದುದ್ದೇಶದ್ದಾದರೂ ತಪ್ಪು. ಐದು ನಿಮಿಷದಲ್ಲಿ ಎಂಜಿನ್ ಎಣ್ಣೆ ಬಿಸಿಯಾಗುವುದಿಲ್ಲ, ದಹನದಲ್ಲಿ ಹುಟ್ಟಿದ ನೀರು ಮಾತ್ರ ತಣ್ಣನೆಯ ಲೋಹದ ಮೇಲೆ ಹನಿಗಟ್ಟಿ ಒಳಗೇ ಉಳಿಯುತ್ತದೆ. ಪ್ರತಿ ವಾರ ಸ್ವಲ್ಪ ಸ್ವಲ್ಪ ನೀರು ಸೇರಿಸಿದಂತಾಗುತ್ತದೆ ಅಷ್ಟೆ. ಓಡಿಸುವುದಾದರೆ ಹೊರೆ ಹಾಕಿ ಅರ್ಧ ಗಂಟೆಗೆ ಕಡಿಮೆಯಿಲ್ಲದೆ, ಎಣ್ಣೆಯೂ ಸೈಲೆನ್ಸರೂ ಚೆನ್ನಾಗಿ ಕಾಯುವವರೆಗೆ ಓಡಿಸಬೇಕು. ಇಲ್ಲವಾದರೆ ಸಿಲಿಂಡರಿಗೆ ಎಣ್ಣೆ ಹಾಕಿ ತಿಂಗಳಿಗೊಮ್ಮೆ ಕೈಯಿಂದ ತಿರುಗಿಸುವುದು ಸಾಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸುವುದು ಪ್ರಾಣಾಂತಿಕ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮಳೆನಾಡುಗಳಲ್ಲಿ

ಹೆಚ್ಚಿನ ಹಳೆಯ ಕೈಪಿಡಿಗಳು ಹಿಮ ಬೀಳುವ ದೇಶಗಳಲ್ಲಿ ರಚಿತವಾದವು, ಅವುಗಳ ಭಯವೆಲ್ಲ ಮಂಜುಗಡ್ಡೆಯದು. ಕರ್ನಾಟಕದಲ್ಲಿ ಆ ಭಯವಿಲ್ಲ. ಇಲ್ಲಿ ಶತ್ರು ಮುಂಗಾರಿನ ತೇವ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂತಹ ಮಲೆನಾಡಿನ ಪ್ರದೇಶದಲ್ಲೂ ಕರಾವಳಿಯಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆಯಾಗಿರುತ್ತದೆ. ರಾತ್ರಿ ತಣಿದ ಎಂಜಿನ್ನಿನ ಭಾರಿ ಕಬ್ಬಿಣ ಬೆಳಿಗ್ಗೆ ಗಾಳಿಗಿಂತ ನಿಧಾನವಾಗಿ ಬಿಸಿಯಾಗುವುದರಿಂದ ಅದರ ಒಳಗೂ ಹೊರಗೂ ನೀರಿನ ಹನಿಗಳು ಮೂಡುತ್ತವೆ.

ಇಂತಹ ಕಡೆ ಟ್ರ್ಯಾಕ್ಟರಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸುವುದು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಮಣ್ಣಿನ ನೆಲದಿಂದ ಏಳುವ ತೇವ ಹಾಳೆಯ ಒಳಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಮಳೆ ತಡೆಯುವ ಸೂರು, ಪಕ್ಕದಲ್ಲಿ ಗಾಳಿಯಾಡುವ ತೆರವು, ಕೆಳಗೆ ಸಿಮೆಂಟಿನ ನೆಲ ಅಥವಾ ಹಲಗೆ ಇರುವ ಸಾಧಾರಣ ಕೊಟ್ಟಿಗೆಯೇ ಉತ್ತಮ. ಆದರೆ ದನದ ಕೊಟ್ಟಿಗೆಯಲ್ಲಿ ಗಂಜಲದ ಅಮೋನಿಯ ತಾಮ್ರ ಮತ್ತು ಹಿತ್ತಾಳೆಯ ಭಾಗಗಳನ್ನು ಕೊರೆಯುವುದರಿಂದ ಅಲ್ಲಿ ಇಡಬಾರದು. ರಸಗೊಬ್ಬರದ ಚೀಲಗಳ ಪಕ್ಕವೂ ಸಲ್ಲದು.

ಮರುಚಾಲನೆ ಮತ್ತು ಸಿಕ್ಕಿಕೊಂಡ ಎಂಜಿನ್

ಸಂರಕ್ಷಣೆಯಿಂದ ಹೊರತೆಗೆದ ಎಂಜಿನ್ನನ್ನು ನೇರವಾಗಿ ಚಾಲನೆಗೊಳಿಸದೆ, ಮೊದಲು ಮುಚ್ಚಿದ ಬಾಯಿಗಳನ್ನೆಲ್ಲ ತೆರೆದು, ಎಣ್ಣೆಯ ಮಟ್ಟ ಮತ್ತು ಬಣ್ಣವನ್ನು ನೋಡಲಾಗುತ್ತದೆ. ಎಣ್ಣೆ ಹಾಲು ಬೆರೆತ ಚಹಾದಂತಿದ್ದರೆ ಅದರಲ್ಲಿ ನೀರಿದೆ. ಪ್ಲಗ್ ಅಥವಾ ಇಂಜೆಕ್ಟರ್‌ಗಳನ್ನು ತೆಗೆದು ಎರಡು ಪೂರ್ಣ ಸುತ್ತು ಕೈಯಿಂದ ತಿರುಗಿಸಿದರೆ ಸಿಲಿಂಡರಿನಲ್ಲಿ ದ್ರವವಿದ್ದಲ್ಲಿ ಹೊರಚಿಮ್ಮುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ನಿಲುಗಡೆಯ ಗುಂಡಿ ಎಳೆದಾಗ ಪಂಪಿನ ಸನ್ನೆ ನಿಜವಾಗಿ ಚಲಿಸುತ್ತಿದೆಯೇ ಎಂಬುದನ್ನು ಕಣ್ಣಾರೆ ಕಾಣದೆ ಚಾಲನೆ ಮಾಡಬಾರದು. ಹ್ಯಾಂಡಲಿನಿಂದ ಚಾಲನೆ ಮಾಡುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇರಿಸಿಕೊಳ್ಳಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ಚಾಲನೆಗೊಂಡ ಕೆಲವೇ ಕ್ಷಣಗಳಲ್ಲಿ ಎಣ್ಣೆಯ ಒತ್ತಡದ ಮುಳ್ಳು ಏಳದಿದ್ದರೆ ಕೂಡಲೇ ನಿಲ್ಲಿಸಬೇಕು.

ಎಂಜಿನ್ ತಿರುಗದೆ ಸಿಕ್ಕಿಕೊಂಡಿದ್ದರೆ ಅದನ್ನು ಗೇರಿನಲ್ಲಿ ಹಾಕಿ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವುದು ಹಳ್ಳಿಗಳಲ್ಲಿ ಕಾಣುವ ಪ್ರಯೋಗ. ತುಕ್ಕು ಹಿಡಿದದ್ದು ಒಂದೇ ಸಿಲಿಂಡರ್ ಆದರೂ ಎಳೆತದ ಬಲವೆಲ್ಲ ಅದರ ಮೇಲೆಯೇ ಬಿದ್ದು ರಾಡ್ ಬಾಗುತ್ತದೆ ಅಥವಾ ಪಿಸ್ಟನ್ ಬಿರುಕು ಬಿಡುತ್ತದೆ. ತುಕ್ಕಿನೊಳಗೆ ಇಳಿಯುವ ತೆಳು ಎಣ್ಣೆಯನ್ನು ಎಲ್ಲ ಸಿಲಿಂಡರ್‌ಗಳಿಗೂ ಹಾಕಿ ದಿನಗಟ್ಟಲೆ, ಬೇಕಾದರೆ ವಾರಗಟ್ಟಲೆ ನೆನೆಯಲು ಬಿಟ್ಟು, ಫ್ಲೈವೀಲನ್ನು ಸನ್ನೆಗೋಲಿನಿಂದ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮೆಲ್ಲಗೆ ಅಲುಗಾಡಿಸುತ್ತ ಬಿಡಿಸುವುದು ಸರಿಯಾದ ವಿಧಾನ. ಕೂದಲೆಳೆಯಷ್ಟು ಅಲುಗಿದರೂ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ ಮತ್ತೆ ಎಣ್ಣೆ ಹಾಕಲಾಗುತ್ತದೆ. ಹೀಗೂ ಬಿಡದಿದ್ದಲ್ಲಿ ಸಿಲಿಂಡರ್ ಹೆಡ್ ಬಿಚ್ಚಬೇಕಾಗುತ್ತದೆ. ಟಿಇ20ರಂತೆ ತೆಗೆದುಹಾಕಬಹುದಾದ ಲೈನರ್‌ಗಳಿರುವ ಎಂಜಿನ್ನಿನಲ್ಲಿ ಪಿಸ್ಟನ್ ಮತ್ತು ಲೈನರನ್ನು ಒಟ್ಟಾಗಿ ಹೊರತೆಗೆದು ಹೊಸದನ್ನು ಕೂರಿಸಲು ಸಾಧ್ಯ. ಬ್ಲಾಕಿನಲ್ಲೇ ಕೊರೆದ ಸಿಲಿಂಡರ್ ಆಗಿದ್ದರೆ ಅದನ್ನು ಮತ್ತೆ ಕೊರೆಯಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು.